ಹೊಟ್ಟೆ ತಣ್ಣಗಿರಲಿ

ದುರ್ಗಿಗುಡಿಯ ಬಟ್ಟೆ ಅಂಗಡಿಯ ಮೇಲೆ, ಮೂರನೇ ಮಹಡಿ.
ಹನ್ನೊಂದು ಜನ ನಾವು, ಎಲ್ಲ ಪಾರ್ಲರಿನವರೇ.
ಹಲ್ಲಲ್ಲಿ ದಾರ ಕಚ್ಚಿ ಊರ ಹುಬ್ಬು ತಿದ್ದಿದವರು
ಈಗ ಕೊಬ್ಬು ಇಳಿಸುವುದನ್ನು ಕಲಿಯಲು ಬಂದು ಕೂತಿದ್ದೇವೆ,
ಮೂರು ದಿನಕ್ಕೆ ಇಪ್ಪತ್ತೆರಡು ಸಾವಿರ, ಮಧ್ಯಾಹ್ನದ ಊಟ ಸೇರಿ.

ಕೊಬ್ಬು ಇಳಿಸುವುದು ಅಂದರೆ
ನನಗೆ ಗೊತ್ತಿದ್ದದ್ದು ಬೇರೆ.
ಎದುರು ಮಾತಾಡಿದ ದಿನ ಅಪ್ಪ ಹೇಳುತ್ತಿದ್ದ:
ಕೊಬ್ಬು ಜಾಸ್ತಿ ಆಗಿದೆ ಇವಳಿಗೆ, ಇಳಿಸ್ತೀನಿ ತಡಿ.
ಅವನ ಯಂತ್ರಕ್ಕೆ ಕರೆಂಟು ಬೇಕಿರಲಿಲ್ಲ,
ಸೊಂಟದ ಬೆಲ್ಟು ಸಾಕಿತ್ತು.
ಆಗ ನಾನು ಮೂವತ್ತೆಂಟು ಕೆಜಿ.

ಮಂಗಳೂರಿನ ಶೆರ್ಲಿ ಮೇಡಂ ಬೋರ್ಡಿನ ಮೇಲೆ ಗೆರೆ ಎಳೆದರು.
ಒಂದು ಕಡೆ ಶೀತ, ಒಂದು ಕಡೆ ಶಾಖ, ನಡುವೆ ಶಬ್ದ.
ಶೀತದ್ದು ಬಟ್ಟಲಿಟ್ಟು ಮಡಿಕೆಯನ್ನು ಒಳಗೆಳೆದುಕೊಳ್ಳುತ್ತದೆ.
ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಆಗುವುದು
ಚರ್ಮದ ಕೆಳಗೆ ಆಗುತ್ತದೆ; ಸತ್ತದ್ದನ್ನೆಲ್ಲ
ಮೈ ತಾನೇ ಹೊತ್ತು ಹಾಕಬೇಕು, ಎರಡು ಮೂರು ತಿಂಗಳು.
ಶಾಖದ್ದು ಬೇಗ, ಆದರೆ ಕೈ ಒಂದೆಡೆ ನಿಂತರೆ ಬೊಬ್ಬೆ.
ಶಬ್ದದ್ದು ನಮಗೆ ಕೇಳಿಸುವುದಿಲ್ಲ,
ಮಲಗಿದವಳ ಕಿವಿಯೊಳಗೆ ಮಾತ್ರ ಜೀರುಂಡೆ.
ಸೂಜಿಯದ್ದು ಡಾಕ್ಟರಿಗೇ ಬಿಡಿ ಅಂದರು, ಎರಡು ಸಲ.
ಬೆಲೆಯನ್ನು ಕೊನೆಯ ಸಾಲಿನಲ್ಲಿ ಬರೆದಾಗ
ಹೊಳೆಹೊನ್ನೂರಿನ ಫರ್ಹಾನಾ ಪೆನ್ನು ಮುಚ್ಚಿದಳು.

ಅಭ್ಯಾಸಕ್ಕೆ ಹೊಟ್ಟೆ ಬೇಕಲ್ಲ.
ಎಲ್ಲರೂ ಸೆರಗು ಎಳೆದುಕೊಂಡೆವು,
ದಿನಾ ಬೇರೆಯವರ ಮೈ ಮುಟ್ಟುವವರು.
ಕೊನೆಗೆ ಚೀಟಿ ಎತ್ತಿದರು. ನನ್ನ ಹೆಸರು.

ಫರ್ಹಾನಾ ಎರಡು ಬೆರಳಲ್ಲಿ ಹಿಡಿದು ಅಳೆದಳು,
ಸಿಸೇರಿಯನ್ ಗೆರೆಯನ್ನು ತಪ್ಪಿಸಿ ಪೆನ್ಸಿಲಿನಲ್ಲಿ ಚೌಕ ಬರೆದಳು,
ಸೈಟಿಗೆ ಗಡಿ ಗುರುತು ಮಾಡಿದ ಹಾಗೆ.
ಬಟ್ಟಲು ಕಚ್ಚಿತು. ಮೊದಲು ನೋವು, ಆಮೇಲೆ ಚಳಿ,
ಆಮೇಲೆ ಏನೂ ಇಲ್ಲ, ಅಲ್ಲಿ ನಾನೇ ಇಲ್ಲ.
ಮೂವತ್ತೈದು ನಿಮಿಷ ಫ್ಯಾನು ನೋಡುತ್ತಾ ಮಲಗಬೇಕು.
ಅಜ್ಜಿ ನೆನಪಾದಳು. ಯಾರಾದರೂ ಊಟಕ್ಕಿಟ್ಟರೆ
ತಟ್ಟೆ ಬಿಟ್ಟು ಏಳುವ ಮೊದಲು ಹೇಳುತ್ತಿದ್ದಳು,
ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ.
ಇಷ್ಟು ತಣ್ಣಗೆ ಅಂತ ಅವಳು ಅಂದುಕೊಂಡಿರಲಿಕ್ಕಿಲ್ಲ.
ನಕ್ಕುಬಿಟ್ಟೆ. ಬಟ್ಟಲು ಸಡಿಲಾಯಿತು. ಮೇಡಂ ಬೈದರು.

ತೆಗೆದಾಗ ಬೆಣ್ಣೆಮುದ್ದೆಯ ಹಾಗೆ ಗಟ್ಟಿಯಾಗಿ ಎದ್ದಿತ್ತು.
ಫರ್ಹಾನಾ ಉಜ್ಜಿದಳು. ನೋಯ್ತಾ ಅಕ್ಕಾ? ನೋಯ್ತಾ?
ಈ ಹೊಟ್ಟೆಯನ್ನು ಹೀಗೆ ಕೇಳಿದವರು
ಹೆರಿಗೆ ವಾರ್ಡಿನಲ್ಲೂ ಇರಲಿಲ್ಲ.

ಮೂರನೇ ದಿನ ಅಪಾಯಗಳ ಪಾಠ.
ಹರ್ನಿಯಾ ಇದ್ದರೆ ಬೇಡ, ಬಸುರಿಗೆ ಬೇಡ,
ಪೇಸ್‌ಮೇಕರ್ ಇದ್ದರೆ ಶಾಖದ್ದು ಮುಟ್ಟಬೇಡಿ.
ತೂಕ ಇಳಿಯುತ್ತದೆ ಅಂತ ಹೇಳಲೇಬೇಡಿ, ಸುಳ್ಳು.
ಇನ್ನೊಂದು, ಅಪರೂಪ, ಆದರೂ ಬರೆದುಕೊಳ್ಳಿ:
ಸಾವಿರಾರು ಜನರಲ್ಲಿ ಯಾರಿಗೋ ಒಬ್ಬರಿಗೆ
ತಣ್ಣಗೆ ಮಾಡಿದ ಜಾಗದಲ್ಲಿ ಕೊಬ್ಬು ಕರಗುವುದಿಲ್ಲ, ಬೆಳೆಯುತ್ತದೆ,
ಬಟ್ಟಲಿನದೇ ಆಕಾರಕ್ಕೆ. ಆಮೇಲೆ ಆಪರೇಷನ್ನೇ ಗತಿ.
ಹತ್ತು ಪೆನ್ನು ಓಡಿದವು,
ನನ್ನದು ಸ್ವಲ್ಪ ತಡೆದು.
ಪಾಪ ಆ ಹೆಂಗಸು ಅನ್ನಿಸಿತು.
ಅದರ ಹಿಂದೆಯೇ, ಯಾಕೋ, ಭಲೇ ಅಂತಲೂ.
ಇದನ್ನು ಯಾರಿಗೂ ಹೇಳಿಲ್ಲ.

ಯಂತ್ರ ಬಂದಿದೆ ಈಗ, ಶೀತದ್ದೇ, ಸಾಲದಲ್ಲಿ.
ವಿನೋಬನಗರದ ನನ್ನ ಒಂದೂವರೆ ಕೋಣೆಯಲ್ಲಿ
ಮೆಹಂದಿ ಕುರ್ಚಿಯನ್ನು ಆಚೆ ಹಾಕಿ ಜಾಗ ಮಾಡಿದ್ದೇನೆ.
ಒಪ್ಪಿಗೆ ಪತ್ರ ಮೇಡಂ ಕೊಟ್ಟದ್ದೇ, ಹದಿನಾರು ಪ್ರಶ್ನೆ.
ಹದಿನೇಳನೆಯದು ನಾನು ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದ್ದು:
ಇಳಿಸಿಕೊಳ್ಳಿ ಅಂತ ನಿಮಗೆ ಯಾರು ಹೇಳಿದ್ದು?

ಹೆಚ್ಚಿನವರು ಖಾಲಿ ಬಿಡುತ್ತಾರೆ.
ಒಬ್ಬರು, ಸ್ಕೂಲ್ ಟೀಚರ್, ತುಂಬ ಹೊತ್ತು ಪೆನ್ನು ಹಿಡಿದು ಕೂತು
ದುಂಡಗೆ ಬರೆದರು: ಟೈಲರ್.
ಟೈಲರ್ ಬದಲಿಸಿ ನೋಡಿ, ಅಂದೆ.
ಅಂದ ಮೇಲೆ ಕಂತಿನ ತಾರೀಕು ನೆನಪಾಯಿತು.